ಮಗುವಿಗೊಂದು ಮನೆ: ಪೋಷಕಧರ್ಮವನ್ನು ಕುರಿತು

ಮೈಸೂರಿನ ಒಂಟಿಕೊಪ್ಪಲು ತನ್ನ ಹೆಸರಿನಲ್ಲಿಯೇ ತನ್ನ ಪೂರ್ವಸ್ಥಿತಿಯನ್ನು ಉಳಿಸಿಕೊಂಡಿರುವ ಬಡಾವಣೆ. ಕೊಪ್ಪಲೆಂದರೆ ಕೆಲವೇ ಮನೆಗಳ ಚಿಕ್ಕ ಹಳ್ಳಿ. ನಗರವು ಬೆಳೆಬೆಳೆಯುತ್ತ ಹಳ್ಳಿಯನ್ನು ತನ್ನ ಮಡಿಲಿಗೆ ತೆಗೆದುಕೊಂಡಿತು. 1895ರಿಂದ 1902ರವರೆಗೆ ರಾಜಪ್ರತಿನಿಧಿಯಾಗಿ ಸಂಸ್ಥಾನವನ್ನು ನಡೆಸಿದ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರ ಹೆಸರು ಇಲ್ಲಿಯ ಮೊಹಲ್ಲಕ್ಕೆ ಬಂದಿತು. ಈ ಊರಿನ ಹೆಸರನ್ನು ಹೊತ್ತ ಪಂಚಾಂಗವು ಕನ್ನಡನಾಡಿನ ಅಸಂಖ್ಯ ಮನೆಗಳಲ್ಲಿ ತಿಥಿವಾರಗಳನ್ನು ತಿಳಿಸುತ್ತಿದೆ. ಕುವೆಂಪು ಅವರ ‘ಉದಯರವಿ’ ಇರುವುದೂ ಈ ಪರಿಸರದಲ್ಲಿಯೇ.

ಇಂಥ ಬಡಾವಣೆಯ ಹಳೆಯ ಬೀದಿಗಳಲ್ಲಿ ಸಂಜೆಯ ಹೊತ್ತು ನಡೆದುಹೋಗುವವರಿಗೆ ಒಂದು ಸಂಗತಿ ಕಣ್ಣಿಗೆ ಬೀಳದಿರದು. ವಿಶಾಲವಾದ ಮನೆ, ಮುಂದೆ ಹಿರಿಯರು ನೆಟ್ಟ ಗಿಡಮರ, ಹಜಾರದಲ್ಲಿ ಒಂದೇ ಒಂದು ದೀಪ. ಮಕ್ಕಳು ಬೆಂಗಳೂರಿಗೋ ಹೊರದೇಶಕ್ಕೋ ಹೊರಟುಹೋಗಿದ್ದಾರೆ. ಅವರು ಓದಿ ಬೆಳೆದ ಕೋಣೆಗೆ ಬೀಗ ಬಿದ್ದಿದೆ. ಇದೇ ನಗರದಲ್ಲಿ, ಇಂಥ ಪ್ರತಿಯೊಂದು ನಗರದಲ್ಲಿಯೂ, ಸಾಲು ಹಾಸಿಗೆಗಳ ಬಾಲಮಂದಿರದಲ್ಲಿ ಮಲಗಿ ಏಳುವ ಮಕ್ಕಳಿದ್ದಾರೆ. ಬೀಗ ಬಿದ್ದ ಕೋಣೆಗೂ ಮನೆಯಿಲ್ಲದ ಮಗುವಿಗೂ ನಡುವೆ ದಾರಿಯೊಂದು ಇಲ್ಲವೆ ಎಂದು ಯಾರಾದರೂ ಕೇಳಿದರೆ, ಉಂಟು ಎಂದೇ ಉತ್ತರ. ಆ ದಾರಿಗೆ ಪೋಷಕತ್ವವೆಂದು ಹೆಸರು. ಕಾನೂನು ಅದನ್ನು ಅಂಗೀಕರಿಸಿದೆ; ಸರ್ಕಾರ ಅದಕ್ಕೆ ಧನಸಹಾಯವನ್ನೂ ಗೊತ್ತುಪಡಿಸಿದೆ. ಆದರೂ ಆ ದಾರಿಯಲ್ಲಿ ನಡೆಯುವವರು ವಿರಳ. ವಿದ್ಯಾವಂತರಲ್ಲಿಯೂ ಬಹುಮಂದಿ ಅದನ್ನು ದತ್ತಕದೊಡನೆ ಬೆರೆಸಿ ಗೊಂದಲಕ್ಕೊಳಗಾಗುವುದು ಇದಕ್ಕೆ ಒಂದು ಮುಖ್ಯ ಕಾರಣವೆನ್ನಬಹುದು.

ದತ್ತಕವೆಂದರೇನೆಂಬುದನ್ನು ಮೈಸೂರಿನವರಿಗೆ ವಿವರಿಸಬೇಕಾದ ಅಗತ್ಯವಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ಸ್ವೀಕರಿಸಿದುದೂ, ಆಂಗ್ಲ ಸರ್ಕಾರವು ಮೊದಲು ಅದನ್ನು ಒಪ್ಪದೆ 1867ರಲ್ಲಿ ಒಪ್ಪಿದುದೂ, 1881ರಲ್ಲಿ ರಾಜ್ಯವು ಮರಳಿ ಒಡೆಯರ ಮನೆತನಕ್ಕೆ ಸಂದುದೂ ಈ ನಾಡಿನ ಚರಿತ್ರೆಯ ಮುಖ್ಯ ಘಟನೆಗಳು. 2015ರಲ್ಲಿಯೂ ಅರಮನೆಯಲ್ಲಿ ದತ್ತಕ ನಡೆಯಿತು. ಇಲ್ಲೆಲ್ಲ ಪ್ರಧಾನವಾದುದು ಮನೆತನದ ಅಗತ್ಯ. ಸಿಂಹಾಸನಕ್ಕೆ, ಆಸ್ತಿಗೆ, ಹೆಸರಿಗೆ, ಪಿತೃಕಾರ್ಯಕ್ಕೆ ಒಬ್ಬ ಉತ್ತರಾಧಿಕಾರಿ ಬೇಕು. ಧರ್ಮಶಾಸ್ತ್ರಕಾರರು ಔರಸ, ಕ್ಷೇತ್ರಜ, ದತ್ತಕ, ಕೃತ್ರಿಮ, ಅಪವಿದ್ಧ, ಕಾನೀನ, ಕ್ರೀತ, ಸ್ವಯಂದತ್ತ ಎಂದು ಮೊದಲಾಗಿ ಹನ್ನೆರಡು ಬಗೆಯ ಪುತ್ರರನ್ನು ಎಣಿಸಿದರು. ಆ ಎಣಿಕೆಯನ್ನು ಸೂಕ್ಷ್ಮವಾಗಿ ನೋಡಿದರೆ ಅದು ತಂದೆಯ ಕಡೆಯಿಂದ ಮಾಡಿದ ಎಣಿಕೆಯೆಂಬುದು ಗೊತ್ತಾಗುತ್ತದೆ. ಯಾವ ಮಗನಿಗೆ ಎಷ್ಟು ಭಾಗ, ಯಾವನಿಗೆ ಯಾವ ಅಧಿಕಾರ ಎಂಬುದೇ ಅಲ್ಲಿಯ ವಿಚಾರ. ಒಂದೆರಡು ವರ್ಷ ಅನ್ನವನ್ನೂ ಅಕ್ಕರೆಯನ್ನೂ ಬೇಡಿ, ಆಮೇಲೆ ತನ್ನ ತಾಯಿಯ ಬಳಿಗೆ ಹಿಂದಿರುಗಬೇಕಾದ ಮಗುವಿಗೆ ಆ ಹನ್ನೆರಡರಲ್ಲಿ ಸ್ಥಾನವಿಲ್ಲ. ದತ್ತಕವು ಮನೆಗೊಂದು ಮಗುವನ್ನು ತರುತ್ತದೆ. ಪೋಷಕತ್ವವು ಮಗುವಿಗೊಂದು ಮನೆಯನ್ನು ಕೊಡುತ್ತದೆ. ಇಂದಿನ ಕಾನೂನು ದತ್ತಕವನ್ನೂ ಮಗುವಿನ ಹಿತದ ದೃಷ್ಟಿಯಿಂದಲೇ ನೋಡುತ್ತದೆಯಾದರೂ ಜನರ ಮನಸ್ಸಿನಲ್ಲಿ ಹಳೆಯ ಭಾವನೆಯೇ ಬೇರೂರಿದೆ. ಪೋಷಕ ಕುಟುಂಬಕ್ಕೆ ಬಂದ ಮಗು ಆ ಮನೆಯ ಆಸ್ತಿಗೆ ಹಕ್ಕುದಾರನಾಗುವುದಿಲ್ಲ. ಹೆತ್ತವರ ಸಂಬಂಧವೂ ಅದಕ್ಕೆ ಕಡಿದುಹೋಗುವುದಿಲ್ಲ. ಈ ಎರಡು ಅಂಶಗಳನ್ನು ಮನಗಂಡರೆ ಅರ್ಧ ಗೊಂದಲ ನಿವಾರಣೆಯಾದಂತೆಯೇ.

ಶಾಸ್ತ್ರದ ಎಣಿಕೆಯಲ್ಲಿ ದೊರೆಯದ ಈ ಭಾವವು ಕಾವ್ಯದಲ್ಲಿ ಹೇರಳವಾಗಿ ದೊರೆಯುತ್ತದೆ. ನದಿಯಲ್ಲಿ ತೇಲಿಬಂದ ಕೂಸನ್ನು ರಾಧೆ ಎತ್ತಿಕೊಂಡಳು, ಕೂಸು ರಾಧೇಯನಾಯಿತು. ಮುಂದೆ ಜನ್ಮರಹಸ್ಯವನ್ನು ತಿಳಿಸಿ, ರಾಜ್ಯವನ್ನೇ ಮುಂದಿಟ್ಟು ಕೃಷ್ಣನು ಕರೆದಾಗಲೂ ಕರ್ಣನು ಸಾಕಿದವರ ಋಣವನ್ನೇ ದೊಡ್ಡದೆಂದು ಬಗೆದನು. ಕಣ್ವಮಹರ್ಷಿಯ ನಿದರ್ಶನವಂತೂ ಪೋಷಕಧರ್ಮಕ್ಕೆ ಇನ್ನೂ ಹತ್ತಿರ. ಶಕುಂತಲೆ ತನ್ನ ಮಗಳಲ್ಲವೆಂಬುದನ್ನು ಆತ ಬಲ್ಲ, ಒಂದು ದಿನ ಆಕೆ ಹೊರಟುಹೋಗುವಳೆಂಬುದನ್ನೂ ಬಲ್ಲ, ಬಲ್ಲವನಾಗಿಯೇ ಸಾಕಿದ. ವಿರಕ್ತನಾದ ಋಷಿಯ ಗಂಟಲೂ ಬೀಳ್ಕೊಡುವಾಗ ಕಟ್ಟಿಬಂದುದನ್ನು ಕಾಳಿದಾಸನು ತನ್ನ ನಾಟಕದ ನಾಲ್ಕನೆಯ ಅಂಕದಲ್ಲಿ ಚಿತ್ರಿಸಿದ್ದಾನೆ. ಕನ್ನಡದ ‘ಸಾಕು’ ಎಂಬ ಮಾತಿನಲ್ಲಿಯೂ ಒಂದು ಸ್ವಾರಸ್ಯವುಂಟು. ಸಲಹು ಎಂಬುದು ಅದರ ಒಂದು ಅರ್ಥ; ಇಷ್ಟಾದರೆ ತೃಪ್ತಿ ಎಂಬುದು ಮತ್ತೊಂದು. ಇವೆರಡೂ ಒಂದೇ ಮೂಲದವೋ ಬೇರೆಯೋ ಎಂಬ ಚರ್ಚೆ ವೈಯಾಕರಣರಿಗಿರಲಿ. ಸಾಕುವವರು ಎಲ್ಲಿ ಸಾಕೆನ್ನಬೇಕೆಂಬುದನ್ನು ಅರಿತಿರಬೇಕೆಂಬ ನೀತಿಯನ್ನಂತೂ ಆ ಶಬ್ದಸಾಮ್ಯ ನೆನಪಿಗೆ ತರುತ್ತದೆ.

ಇನ್ನು ಪೋಷಕತ್ವದ ಪ್ರಭೇದಗಳನ್ನು ನೋಡಬಹುದು. ಮೊದಲನೆಯದೂ ಅತ್ಯಂತ ಪುರಾತನವಾದುದೂ ಬಂಧುಪೋಷಣೆ. ತಾಯಿ ತೀರಿದ ಮಗುವನ್ನು ಅಜ್ಜಿಯೋ ಸೋದರಮಾವನೋ ಚಿಕ್ಕಮ್ಮನೋ ಸಾಕುವುದು ಈ ನಾಡಿನಲ್ಲಿ ಹೇಳಿಕೊಡಬೇಕಾದ ಪಾಠವಲ್ಲ. ಕೋವಿಡ್ ವ್ಯಾಧಿಯಿಂದ 2021ರಲ್ಲಿ ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳಲ್ಲಿ ಅನೇಕರು ಬಂಧುಗಳ ಮನೆಯನ್ನೇ ಸೇರಿದರು. ಅಂಥವರಿಗಾಗಿ ಕರ್ನಾಟಕ ಸರ್ಕಾರವು ಆ ವರ್ಷವೇ ಬಾಲಸೇವಾ ಯೋಜನೆಯಡಿ ತಿಂಗಳಿಗೆ 3,500 ರೂಪಾಯಿಗಳನ್ನು ಘೋಷಿಸಿತು. ಬಂಧುಗಳಲ್ಲಿ ಪ್ರೀತಿಯಿರುತ್ತದೆ, ಆದರೆ ಅನೇಕ ವೇಳೆ ಕೈಯಲ್ಲಿ ಕಾಸಿರುವುದಿಲ್ಲ. ಅವರನ್ನು ಬೆಂಬಲಿಸುವುದು ಮಗುವನ್ನು ಬೆಂಬಲಿಸಿದಂತೆಯೇ.

ಎರಡನೆಯದು ಬಂಧುಗಳಲ್ಲದ ಕುಟುಂಬವು ಮಗುವನ್ನು ಸಾಕುವ ಪೋಷಣೆ. 2016ರ ಜನವರಿಯಲ್ಲಿ ಜಾರಿಗೆ ಬಂದ 2015ರ ಬಾಲನ್ಯಾಯ ಕಾಯ್ದೆಯ 44ನೆಯ ಪ್ರಕರಣವು ಮುಖ್ಯವಾಗಿ ಹೇಳುವುದು ಇದನ್ನೇ. ಇದರಲ್ಲಿ ಅಲ್ಪಾವಧಿ, ದೀರ್ಘಾವಧಿ ಎಂದು ಎರಡು ಬಗೆ. ತಾಯಿಯೊಬ್ಬಳು ದೀರ್ಘರೋಗದಿಂದ ಆಸ್ಪತ್ರೆ ಸೇರಿದ್ದಾಳೆ, ತಂದೆಯಿಲ್ಲ, ಒಂಬತ್ತು ವರ್ಷದ ಮಗಳನ್ನು ನೋಡಿಕೊಳ್ಳುವವರಿಲ್ಲವೆಂದು ಭಾವಿಸೋಣ. ಆ ಮಗುವಿಗೆ ಬೇಕಾದುದು ಹೊಸ ತಾಯಿಯಲ್ಲ. ತಾಯಿ ಗುಣಮುಖಳಾಗುವವರೆಗೆ ಒಂದು ಮನೆ. ಒಂದು ವರ್ಷವನ್ನು ಮೀರದ ಅಲ್ಪಾವಧಿ ಪೋಷಣೆ ಇಂಥ ಮಗುವಿಗಾಗಿ. ಹೆತ್ತವರು ಸುದೀರ್ಘ ಸೆರೆವಾಸದಲ್ಲಿದ್ದರೆ, ಚಿತ್ತಸ್ವಾಸ್ಥ್ಯವನ್ನು ಕಳೆದುಕೊಂಡಿದ್ದರೆ, ಅಥವಾ ಮಗುವನ್ನು ಹಿಂಸಿಸಿದವರಾಗಿದ್ದರೆ ಪೋಷಣೆ ವರ್ಷವನ್ನು ಮೀರಿ, ಆಗಾಗ ಪರಿಶೀಲನೆಗೊಳಪಟ್ಟು, ಹದಿನೆಂಟು ತುಂಬುವವರೆಗೂ ನಡೆಯಬಹುದು. ಇದು ದೀರ್ಘಾವಧಿ ಪೋಷಣೆ. ಹೆತ್ತವರು ನಿಗದಿಯಾದ ಸಮಯದಲ್ಲಿ ಬಂದು ಮಗುವನ್ನು ನೋಡಲು ಅವಕಾಶವಿರಬೇಕೆಂದೂ, ಅವರು ಸಮರ್ಥರಾದರೆಂದು ಸಮಿತಿಗೆ ಮನವರಿಕೆಯಾದಾಗ ಮಗು ಮರಳಬಹುದೆಂದೂ ಕಾನೂನು ಹೇಳುತ್ತದೆ. ಒಡಹುಟ್ಟಿದವರನ್ನು ಅಗಲಿಸದೆ ಒಂದೇ ಮನೆಗೆ ಕಳುಹಿಸಲು ಸರ್ವಪ್ರಯತ್ನವನ್ನೂ ಮಾಡತಕ್ಕದ್ದೆಂಬ ಮಾತೂ ಅದರಲ್ಲಿದೆ. ದತ್ತಕಕ್ಕೆ ಅರ್ಹವೆಂದು ನಿರ್ಣಯವಾದ ಮಗುವನ್ನು ದೀರ್ಘಾವಧಿ ಪೋಷಣೆಗೆ ಕೊಡಲಾಗದು. ಶಾಶ್ವತವಾದ ಮನೆ ದೊರೆಯಬಲ್ಲ ಮಗುವಿಗೆ ತಾತ್ಕಾಲಿಕವಾದುದನ್ನು ಕೊಟ್ಟು ಸುಮ್ಮನಿರಬಾರದೆಂಬುದೇ ಇದರ ಆಶಯ.

ಮೂರನೆಯದು ಸಮೂಹ ಪೋಷಣೆ. ಕೆಲವೇ ಮಕ್ಕಳು ಒಬ್ಬ ಪಾಲಕಿಯೊಡನೆ ಒಂದು ಮನೆಯಲ್ಲಿ ಒಲೆಯೊಂದರ ಸುತ್ತ ಬೆಳೆಯುವ ಕ್ರಮವಿದು. ಆಸ್ಟ್ರಿಯಾ ದೇಶದ ಇಮ್ಸ್ಟ್ ಎಂಬಲ್ಲಿ ಹರ್ಮನ್ ಗ್ಮೈನರ್ ಎಂಬಾತ 1949ರಲ್ಲಿ ಆರಂಭಿಸಿದ ಮಕ್ಕಳ ಗ್ರಾಮದ ಕಲ್ಪನೆ ಇದಕ್ಕೆ ಸಮೀಪವಾದುದು. ಆ ಪರಂಪರೆಯ ಗ್ರಾಮವೊಂದು ಬೆಂಗಳೂರಿನಲ್ಲಿಯೂ ಇದೆ. ದತ್ತಕದ ಅಂತಿಮ ಆದೇಶ ಬರುವ ಮುನ್ನ ಮಗುವನ್ನು ದತ್ತು ಪಡೆಯುವವರ ಮನೆಯಲ್ಲಿ ಇರಿಸುವ ದತ್ತಕಪೂರ್ವ ಪೋಷಣೆ ನಾಲ್ಕನೆಯದು. ಇವಲ್ಲದೆ, ತುರ್ತು ಸಮಯದಲ್ಲಿ ಕೆಲವು ದಿನಗಳ ಮಟ್ಟಿಗೆ ಮಗುವನ್ನು ನೋಡಿಕೊಳ್ಳಲು ಯೋಗ್ಯ ವ್ಯಕ್ತಿಯೆಂದು ಸಮಿತಿಯಿಂದ ಮನ್ನಣೆ ಪಡೆಯುವ ಮಾರ್ಗವೂ ಉಂಟು. ಪಾಶ್ಚಾತ್ಯ ದೇಶಗಳಲ್ಲಿ ಪೋಷಕರಿಗೆ ವಿಶ್ರಾಂತಿ ಕೊಡಲು ವಾರದ ಕೊನೆಯಲ್ಲಿಯೋ ರಜೆಯಲ್ಲಿಯೋ ಮಗುವನ್ನು ನೋಡಿಕೊಳ್ಳುವ ಕುಟುಂಬಗಳೂ ಇವೆ. ಇಂಗ್ಲೆಂಡಿನಲ್ಲಿ ಸರ್ಕಾರದ ಆಶ್ರಯಕ್ಕೆ ಬಂದ ಮಕ್ಕಳಲ್ಲಿ ಹೆಚ್ಚುಕಡಮೆ ಮೂರರಲ್ಲಿ ಎರಡು ಪಾಲು ಪೋಷಕ ಕುಟುಂಬಗಳಲ್ಲಿರುವರು. ಭಾರತದಲ್ಲಾದರೋ ಬಾಲಮಂದಿರವೇ ಇನ್ನೂ ಸಾಮಾನ್ಯ ನಿಯಮ.

ಬಾಲಮಂದಿರದಲ್ಲಿ ಅನ್ನವಿದೆ, ಬಟ್ಟೆಯಿದೆ, ಪಾಠವಿದೆ, ಮತ್ತೇನು ಬೇಕು ಎಂಬ ಪ್ರಶ್ನೆ ಸಹಜವೇ. ರುಮೇನಿಯ ದೇಶದ ಬುಕಾರೆಸ್ಟ್ ನಗರದಲ್ಲಿ 2000ನೆಯ ಇಸವಿಯಲ್ಲಿ ಆರಂಭವಾದ ಒಂದು ಸಂಶೋಧನೆ ಇದಕ್ಕೆ ಉತ್ತರ ಕೊಟ್ಟಿದೆ. ಸಂಸ್ಥೆಗಳಲ್ಲಿದ್ದ 136 ಎಳೆಯ ಮಕ್ಕಳಲ್ಲಿ ಅರ್ಧದಷ್ಟು ಮಂದಿಯನ್ನು ಪೋಷಕ ಕುಟುಂಬಗಳಿಗೆ ಒಪ್ಪಿಸಿ, ಎರಡು ಗುಂಪುಗಳ ಬೆಳವಣಿಗೆಯನ್ನು ವರ್ಷಾನುಗಟ್ಟಲೆ ಗಮನಿಸಲಾಯಿತು. ಕುಟುಂಬಕ್ಕೆ ಹೋದ ಮಕ್ಕಳು ಬುದ್ಧಿಯಲ್ಲಿಯೂ ಭಾವನೆಯಲ್ಲಿಯೂ ಉತ್ತಮವಾಗಿ ಬೆಳೆದರು. ಎರಡು ವರ್ಷ ತುಂಬುವ ಮೊದಲೇ ಹೋದವರ ಸ್ಥಿತಿ ಇನ್ನೂ ಉತ್ತಮವಾಯಿತು. ತನ್ನನ್ನೇ ಹೆಸರು ಹಿಡಿದು ಕರೆಯುವ, ತಾನು ಅತ್ತಾಗ ಬರುವ ಒಬ್ಬರು ಮಗುವಿಗೆ ಬೇಕು. ಹಾಲು ಬದಲಾದರೆ ಮಗು ಒಗ್ಗಿಕೊಂಡೀತು. ಹಾಲೂಡುವ ಕೈ ಮೂರು ಪಾಳಿಗಳಲ್ಲಿ ಬದಲಾಗುತ್ತಿದ್ದರೆ ಒಗ್ಗುವುದು ಕಷ್ಟ.

ಮಠಗಳ ವಿದ್ಯಾರ್ಥಿನಿಲಯಗಳ ವಿಚಾರ ಇಲ್ಲಿ ಬಾರದಿರಲು ಸಾಧ್ಯವಿಲ್ಲ. ಅನ್ನ, ಅಕ್ಷರ, ಆಶ್ರಯವೆಂಬ ತ್ರಿವಿಧ ದಾಸೋಹದಿಂದ ಕನ್ನಡನಾಡಿನ ಬಡಮಕ್ಕಳು ಪಡೆದ ಉಪಕಾರವನ್ನು ಅಳೆಯುವ ಕೋಲಿಲ್ಲ. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಜಾತಿಮತಗಳನ್ನೆಣಿಸದೆ ಸಹಸ್ರಾರು ಮಕ್ಕಳಿಗೆ ನೆರಳಾದರು. 2019ರಲ್ಲಿ ಅವರು ಲಿಂಗೈಕ್ಯರಾದಾಗ ನಾಡಿಗೆ ನಾಡೇ ತಲೆಬಾಗಿತು. ಮೈಸೂರಿನಲ್ಲಿ ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು ಹಳ್ಳಿಯ ಹುಡುಗರಿಗೆ ನಗರದಲ್ಲಿ ಅನ್ನವನ್ನೂ ವಸತಿಯನ್ನೂ ಕಲ್ಪಿಸಿ ವಿದ್ಯೆಯ ಬಾಗಿಲನ್ನು ತೆರೆದರು. ಆದರೆ ವಿದ್ಯಾರ್ಥಿನಿಲಯವು ಮನೆಯಿರುವ ಮಗುವಿಗೆ ವಿದ್ಯೆಯ ಕಾಲದ ಎರಡನೆಯ ಮನೆ. ಬೇಸಗೆಯ ರಜೆ ಬಂದಾಗ ಟ್ರಂಕನ್ನು ಹೊತ್ತು ಹುಡುಗರು ಊರಿಗೆ ಹೊರಡುತ್ತಾರೆ. ಹೊರಡಲು ಊರೇ ಇಲ್ಲದ ಹುಡುಗನಿಗೆ ಆ ದಿನ ಗೇಟಿನ ಬಳಿ ನಿಲ್ಲುವುದಷ್ಟೇ ಕೆಲಸ. ಅನೇಕ ನಿಲಯಗಳ ಮೇಲ್ವಿಚಾರಕರಿಗೆ ಈ ದೃಶ್ಯ ಪರಿಚಿತವಾದುದೇ. ಅಂಥವನಿಗೆ ನಿಲಯವು ಅನ್ನವಿಕ್ಕಬಲ್ಲುದು. ಹಬ್ಬದ ಬೆಳಿಗ್ಗೆ ಎಣ್ಣೆ ಒತ್ತಿ ನೀರೆರೆಯುವ ಕೈಯನ್ನು ಕೊಡಲಾರದು. ಇದು ನಿಲಯದ ದೋಷವಲ್ಲ. ಅದರ ಸ್ವಭಾವದ ಮೇರೆ. ಆ ಮೇರೆಯಿಂದಾಚೆಯ ಕೆಲಸ ಗೃಹಸ್ಥರದು.

ಗೃಹಸ್ಥರು ಈ ಕೆಲಸವನ್ನು ಹಿಂದೆ ಮಾಡಿರಲಿಲ್ಲವೆಂದಲ್ಲ. ಹಳೆಯ ಮೈಸೂರಿನ ವಾರಾನ್ನದ ಪದ್ಧತಿ ಹಿರಿಯ ತಲೆಮಾರಿಗೆ ನೆನಪಿದೆ. ಸೋಮವಾರ ಒಂದು ಮನೆ, ಮಂಗಳವಾರ ಮತ್ತೊಂದು ಮನೆ. ಹೀಗೆ ಏಳು ಮನೆಗಳ ಅನ್ನವನ್ನುಂಡು ಓದಿ ವಿದ್ವಾಂಸರಾದವರೂ ಅಧಿಕಾರಿಗಳಾದವರೂ ಅನೇಕರು. ಆ ಏಳು ಗೃಹಿಣಿಯರು ಒಂದು ಹುಡುಗನ ತಾಯ್ತನವನ್ನು ಏಳು ಪಾಲಾಗಿ ಹಂಚಿಕೊಂಡಿದ್ದರೆನ್ನಬಹುದು. ಆದರೆ ಏಳು ಮನೆಯಲ್ಲಿ ಊಟವಿದ್ದ ಹುಡುಗನಿಗೆ ಜ್ವರ ಬಂದರೆ ಮಲಗಲು ಒಂದು ಮನೆಯೂ ಇರುತ್ತಿರಲಿಲ್ಲ. ಜ್ವರದಲ್ಲಿ ಮಲಗಿದವನನ್ನು ಎತ್ತಿ ತಂದವರ ನಿದರ್ಶನವೂ ಮೈಸೂರಿನಲ್ಲಿಯೇ ಇದೆ. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡು ಮಲೆನಾಡಿನಿಂದ ಓದಲು ಬಂದ ಪುಟ್ಟಪ್ಪನೆಂಬ ತರುಣ ಕಾಯಿಲೆ ಬಿದ್ದಾಗ ಶ್ರೀರಾಮಕೃಷ್ಣ ಆಶ್ರಮದ ಸ್ವಾಮಿ ಸಿದ್ಧೇಶ್ವರಾನಂದರು ಆತನನ್ನು ಆಶ್ರಮದಲ್ಲಿರಿಸಿಕೊಂಡು ನೋಡಿಕೊಂಡರು. 1937ರಲ್ಲಿ ಮದುವೆಯಾಗಿ ಮನೆ ಹೂಡುವವರೆಗೂ ಆತನಿಗೆ ಅದೇ ಮನೆಯಾಯಿತು. ಆ ತರುಣನೇ ಕುವೆಂಪು. ‘ನೆನಪಿನ ದೋಣಿಯಲ್ಲಿ’ ಅದನ್ನು ಓದಿದವರಿಗೆ, ಸಕಾಲದಲ್ಲಿ ತೆರೆದ ಬಾಗಿಲೊಂದು ಏನನ್ನು ಉಳಿಸಬಲ್ಲುದೆಂಬುದು ತಿಳಿಯುತ್ತದೆ.

ಹಳೆಯ ಪದ್ಧತಿಯನ್ನು ಹೊಗಳುವಾಗ ಅದರ ಕರಿಯ ನೆರಳನ್ನು ಮರೆಮಾಚುವುದು ಸಲ್ಲದು. ಹಳ್ಳಿಯ ಬಡನೆಂಟರ ಹುಡುಗಿಯನ್ನು ‘ನಮ್ಮ ಮನೆಯಲ್ಲಿ ಬೆಳೆಯಲಿ’ ಎಂದು ಕರೆತಂದು, ನಸುಕಿನಲ್ಲೆಬ್ಬಿಸಿ ಪಾತ್ರೆ ತೊಳೆಸಿ, ಮನೆಯ ಮಕ್ಕಳು ಶಾಲೆಗೆ ಹೊರಟಾಗ ಅವರ ಚೀಲವನ್ನು ಅವಳಿಂದ ಹೊರಿಸಿದ ಮನೆಗಳೂ ಇದ್ದವು. ಸಭ್ಯರ ಬೀದಿಗಳಲ್ಲಿಯೇ ಇದ್ದವು. ಸಾಕುವುದೆಂಬ ಪವಿತ್ರ ಶಬ್ದದ ಮರೆಯಲ್ಲಿ ನಡೆದ ಜೀತ ಅದು. ಹದಿನಾಲ್ಕು ತುಂಬದ ಮಕ್ಕಳ ದುಡಿಮೆಯನ್ನು 2016ರ ತಿದ್ದುಪಡಿಯು ಬಹುಮಟ್ಟಿಗೆ ಎಲ್ಲ ಉದ್ಯೋಗಗಳಲ್ಲಿಯೂ ನಿಷೇಧಿಸಿದೆ. ಆದಕಾರಣವೇ ಇಂದು ಪೋಷಕರಾಗಬೇಕೆನ್ನುವವರು ಪರೀಕ್ಷೆಗೊಳಗಾಗಬೇಕು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರು ಮನೆಗೆ ಬಂದು ನೋಡುವರು. ಆದಾಯ, ಆರೋಗ್ಯ, ನಡತೆಗಳನ್ನು ವಿಚಾರಿಸುವರು. ಪೊಲೀಸರ ವರದಿಯೂ ಬೇಕು. ಅಧ್ಯಕ್ಷರೂ ನಾಲ್ವರು ಸದಸ್ಯರೂ ಉಳ್ಳ ಮಕ್ಕಳ ಕಲ್ಯಾಣ ಸಮಿತಿಯು ಮಗುವಿನ ಅಭಿಪ್ರಾಯವನ್ನೂ ಕೇಳಿ ಆದೇಶ ಕೊಡುತ್ತದೆ. ಆಮೇಲೆಯೂ ಪ್ರತಿ ತಿಂಗಳು ತನಿಖೆಯುಂಟು. ಮರ್ಯಾದಸ್ಥರ ಮನೆಗೆ ತನಿಖೆಯೇ ಎಂದು ಹುಬ್ಬುಗಂಟಿಕ್ಕುವವರು ಪಾತ್ರೆ ತೊಳೆದ ಆ ಹುಡುಗಿಯನ್ನು ನೆನೆದುಕೊಳ್ಳಲಿ. ಅವಳ ಕಾಲದಲ್ಲಿ ತಿಂಗಳಿಗೊಮ್ಮೆ ಬಾಗಿಲು ತಟ್ಟುವವರು ಒಬ್ಬರಿದ್ದರೆ ಅವಳ ಕೈಯಲ್ಲಿ ಸ್ಲೇಟು ಇರುತ್ತಿತ್ತು.

ಪೋಷಕರಾಗಲು ಮದುವೆಯಾಗಿರಲೇಬೇಕೆಂಬ ನಿಯಮ ಈಗಿಲ್ಲ. 2024ರಲ್ಲಿ ಕೇಂದ್ರ ಸರ್ಕಾರ ಪರಿಷ್ಕರಿಸಿದ ಮಾರ್ಗಸೂಚಿಯಂತೆ ಅವಿವಾಹಿತರೂ ವಿಧವೆಯರೂ ವಿಚ್ಛೇದಿತರೂ ಪೋಷಕರಾಗಬಹುದು; ಒಂಟಿ ಪುರುಷನಿಗೆ ಮಾತ್ರ ಹೆಣ್ಣುಮಗುವನ್ನು ಒಪ್ಪಿಸುವುದಿಲ್ಲ. ಮಗು ಮುಂದೆ ದತ್ತಕಕ್ಕೆ ಮುಕ್ತವಾದಲ್ಲಿ, ಎರಡು ವರ್ಷ ಸಾಕಿದ ಕುಟುಂಬವು ಅದನ್ನು ದತ್ತು ಪಡೆಯಲು ಕೋರಬಹುದು. ಮೊದಲು ಈ ಅವಧಿ ಐದು ವರ್ಷವಾಗಿತ್ತು. ಮಿಷನ್ ವಾತ್ಸಲ್ಯ ಯೋಜನೆಯಡಿ ಮಗುವಿನ ಪೋಷಣೆಗಾಗಿ ತಿಂಗಳಿಗೆ 4,000 ರೂಪಾಯಿಗಳ ನೆರವುಂಟು. ಅದು ಸಂಬಳವಲ್ಲ, ಲಾಭಕ್ಕೆ ಸಾಲುವ ಮೊತ್ತವೂ ಅಲ್ಲ. ಮಗುವಿನ ಹಾಲು, ಪುಸ್ತಕ, ಔಷಧಗಳಿಗೆ ಒದಗುವ ಒಂದಿಷ್ಟು ಆಸರೆ. ಪೋಷಕರಿಗೆ ವಯೋಮಿತಿಯುಂಟಾದ್ದರಿಂದ ಅತಿವೃದ್ಧರಿಗೆ ಈ ಹೊಣೆ ಸಲ್ಲದು. ಅವರ ಪಕ್ಕದ ಮನೆಯ ನಡುವಯಸ್ಸಿನ ದಂಪತಿ ಹೊಣೆ ಹೊತ್ತರೆ, ಕಥೆ ಹೇಳುವ ಅಜ್ಜ ಅಜ್ಜಿಯರಾಗಲು ಯಾವ ಕಾನೂನೂ ಅಡ್ಡಬಾರದು.

ಆದರೂ ಜನ ಹಿಂಜರಿಯುವರು. ‘ಯಾರ ಮಗುವೋ, ಯಾವ ಕುಲವೋ’ ಎಂಬುದು ಒಂದು ಆಕ್ಷೇಪ. ಬಂದವನ ಕುಲವನ್ನು ವಿಚಾರಿಸದೆ ತನ್ನವನೆಂದು ಬಗೆಯಬೇಕೆಂಬ ಶರಣರ ಬೋಧೆಯನ್ನು ಪ್ರಾರ್ಥನೆಯಲ್ಲಿ ಹಾಡಿದವರ ಬಾಯಲ್ಲಿ ಈ ಮಾತು ಶೋಭಿಸದು. ‘ಹಚ್ಚಿಕೊಂಡ ಮೇಲೆ ಬಿಟ್ಟುಕೊಡುವುದು ಹೇಗೆ’ ಎಂಬುದು ಇನ್ನೊಂದು. ಇದು ಹಗುರವಾದ ಆಕ್ಷೇಪವಲ್ಲ; ಪೋಷಕಧರ್ಮದ ತಿರುಳೇ ಇಲ್ಲಿದೆ. ದಾನಕ್ಕೂ ದಾಸೋಹಕ್ಕೂ ಇರುವ ಭೇದವನ್ನು ಶರಣಸಾಹಿತ್ಯದ ಓದುಗರು ಬಲ್ಲರು. ದಾನದಲ್ಲಿ ಕೊಟ್ಟೆನೆಂಬ ಭಾವ ಉಳಿದೀತು. ದಾಸೋಹದಲ್ಲಿ ನೀಡುವವನು ದಾಸ, ನೀಡಿದ್ದರ ಮೇಲೆ ಅವನಿಗೆ ಒಡೆತನವಿಲ್ಲ. ಅನ್ನದ ದಾಸೋಹ ಮಾಡಿದವನು ಉಂಡವನನ್ನು ಪಂಕ್ತಿಯಲ್ಲಿಯೇ ಹಿಡಿದು ಕೂರಿಸಿಕೊಳ್ಳುವುದಿಲ್ಲ. ಹಾಗೆಯೇ ಮಗುವಿನ ತಾಯಿ ಗುಣಮುಖಳಾಗಿ ಬಾಗಿಲಿಗೆ ಬಂದ ದಿನ, ಕಣ್ಣೊರೆಸಿಕೊಂಡು ಜಡೆ ಹೆಣೆದು ಕಳುಹಿಸಿಕೊಡುವ ಗೃಹಿಣಿ ಮಾಡುವುದು ಪ್ರೀತಿಯ ದಾಸೋಹ. ಆ ನೋವು ನಿಜ. ಶಿಕ್ಷಕರು ಆ ನೋವನ್ನು ಪ್ರತಿವರ್ಷವೂ ಸ್ವಲ್ಪ ಸ್ವಲ್ಪವಾಗಿ ಉಂಡವರೇ ಆಗಿರುತ್ತಾರೆ. ಹತ್ತನೆಯ ತರಗತಿ ಮುಗಿಸಿ ಹೊರಟ ಮಕ್ಕಳನ್ನು ಬೀಳ್ಕೊಟ್ಟು ಮತ್ತೆ ಹೊಸಬರಿಗೆ ಪಾಠ ಹೇಳಲು ನಿಂತವರಿಗೆ ಕಣ್ವನ ಸ್ಥಿತಿ ಅಪರಿಚಿತವಲ್ಲ.

ಈ ಸಂಚಿಕೆಯನ್ನು ಓದುವ ಶಿಕ್ಷಕರು ತಮ್ಮ ತರಗತಿಯಲ್ಲಿ ಆಸರೆಯಿಲ್ಲದ ಮಗುವನ್ನು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೋ ಸಮಿತಿಗೋ ತಿಳಿಸಬೇಕು. ಕರುಣೆಯಿಂದಲೇ ಆದರೂ ಯಾರದೋ ಮನೆಗೆ ಸದ್ದಿಲ್ಲದೆ ಸೇರಿಸಿಬಿಡುವುದು ಮಗುವಿಗೂ ಕ್ಷೇಮವಲ್ಲ, ಕಾನೂನಿಗೂ ಸಮ್ಮತವಲ್ಲ. ದಿಕ್ಕಿಲ್ಲದ ಮಗು ಸಿಕ್ಕಾಗ 24 ಗಂಟೆಗಳೊಳಗೆ ತಿಳಿಸದಿರುವುದು ದಂಡಾರ್ಹ ಅಪರಾಧವೆಂಬುದನ್ನೂ ನೆನಪಿಡತಕ್ಕದ್ದು. ಹಿರಿಯ ವಿದ್ಯಾರ್ಥಿಗಳಲ್ಲಿ ಸಂಸಾರವಂದಿಗರಾಗಿ, ಮನೆಯಲ್ಲಿ ಸ್ಥಳವೂ ಮನಸ್ಸಿನಲ್ಲಿ ಸಾವಧಾನವೂ ಉಳ್ಳವರು ಮನೆಮಂದಿಯೆಲ್ಲ ಕೂಡಿ ವಿಚಾರಿಸಿ, ಸ್ವಂತ ಮಕ್ಕಳ ಒಪ್ಪಿಗೆಯನ್ನೂ ಪಡೆದು, ಜಿಲ್ಲಾ ಘಟಕಕ್ಕೆ ಅರ್ಜಿ ಹಾಕಬಹುದು. ದಾನಿಗಳು ಕಟ್ಟಡಕ್ಕೆ ಕೊಡುವಂತೆಯೇ, ಮೊಮ್ಮಕ್ಕಳನ್ನು ಕಷ್ಟದಿಂದ ಸಾಕುತ್ತಿರುವ ಅಜ್ಜಿಯೊಬ್ಬಳ ಮನೆಯ ಬಾಡಿಗೆಗೂ ಕೊಡುವ ಯೋಚನೆ ಮಾಡಬೇಕು. ಆ ಕೊಡುಗೆಗೆ ಕಲ್ಲಿನ ಫಲಕವಿಲ್ಲದಿದ್ದರೂ ಒಂದು ಮಗು ತನ್ನವರ ನಡುವೆ ಉಳಿಯುತ್ತದೆ.

ಶಾಲೆಯ ಗಂಟೆ ಬಾರಿಸಿದಾಗ ಮಕ್ಕಳೆಲ್ಲರೂ ಓಡುವುದು ಮನೆಯ ಕಡೆಗೆ. ಓಡಲು ಮನೆಯಿಲ್ಲದ ಒಂದು ಮಗು ಗುಂಪಿನಲ್ಲಿ ನಿಧಾನವಾಗಿ ನಡೆಯುತ್ತಿದ್ದರೆ ಅದನ್ನು ಗುರುತಿಸುವ ಕಣ್ಣು ಗುರುವಿನದಾಗಲಿ. ಬೀಗ ತೆಗೆದು ಕೋಣೆಯನ್ನು ಗುಡಿಸುವ ಕೈ ಗೃಹಸ್ಥನದಾಗಲಿ.